ಟೈರ್ ಕಂಪನಿ ನೌಕರಿ, ಮನಿ ಒಳಗಿಂದ ನೋಡಿದಂಗ

ನಮ್ಮ ಹಲವಾಗಲು ಕಡೆ ಟೈರ್ ಅಂದ್ರ ಮೊದಲು ನೆನಪಾಗೋದು ಟೈರಿನ ಬಂಡಿ. ಕಬ್ಬಿಣದ ಹಳಿ ಹಾಕಿದ ಕಟ್ಟಿಗಿ ಗಾಲಿ ಹೋಗಿ ರಬ್ಬರ್ ಗಾಲಿ ಬಂದ ಮ್ಯಾಲೆ ಎತ್ತಿಗೆ ಎಷ್ಟೋ ಹಗುರಾತು. ಸವೆದ ಟೈರು ಹುಡುಗರಿಗೆ ಆಟಿಕಿ, ಇಲ್ಲಾ ತಗಡು ಗಾಳಿಗೆ ಹಾರದಂಗ ಮಾಳಿಗಿ ಮ್ಯಾಲಿನ ಭಾರ. ಅದನ್ನ ಮಾಡೋರು ಯಾರು, ಅವರಿಗೆ ಬುತ್ತಿ ಕಟ್ಟೋರು ಯಾರು ಅಂತ ನಾವ್ಯಾರೂ ಕೇಳಿದ್ದಿಲ್ಲ.

ಭಾರತದ ಮೊದಲ ಟೈರ್ ಕಾರ್ಖಾನೆ 1936ರಾಗ ಬಂಗಾಳದ ಸಾಹಾಗಂಜಿನಾಗ ಡನ್‌ಲಪ್ ಕಂಪನಿ ಕಟ್ಟಿದ್ದು. ನಮ್ಮ ರಾಜ್ಯದಾಗ ಈ ಕೆಲಸಕ್ಕ ಹೆಸರಾದ ಊರು ಮೈಸೂರು. ಅಲ್ಲಿ ಕೆ.ಆರ್.ಎಸ್. ರಸ್ತೆ ಮೇಟಗಳ್ಳಿಯಾಗ ಎರಡು ಕಂಪನಿ ಇದ್ವು, ಎರಡೂ 1970ರ ದಶಕದಾಗ ಹುಟ್ಟಿದ್ವು. ವಿಕ್ರಾಂತ್‌ನಾಗ ರಾಜ್ಯ ಸರ್ಕಾರದ ಪಾಲಿತ್ತು, ಲಾರಿ ಬಸ್ಸಿನ ಟೈರಿಗೆ ಹೆಸರು. ಫಾಲ್ಕನ್ನಿನದು ಸ್ಕೂಟರು, ಬೈಕು, ಆಟೋ ಟೈರು.

ಒಳಗಿನ ಕೆಲಸ ನಮಗ ತಿಳಿಯದಂಥಾದ್ದೇನಲ್ಲ. ರಬ್ಬರಿಗೆ ಗಂಧಕ, ಎಣ್ಣಿ, ಕಾರ್ಬನ್ ಬ್ಲ್ಯಾಕ್ ಅನ್ನೋ ಕಾಡಿಗಿಯಂಥಾ ಪುಡಿ ಹಾಕಿ ದೊಡ್ಡ ಯಂತ್ರದಾಗ ರೊಟ್ಟಿ ಹಿಟ್ಟು ನಾದಿದಂಗ ನಾದತಾರ. ಹಾಳಿ ಮಾಡಿ, ನೂಲಿನ ಬಟ್ಟಿ, ತಂತಿ ಸೇರಿಸಿ ಒಬ್ಬ ಮನಷ್ಯಾ ನಿಂತು ಹಸಿ ಟೈರು ಕಟ್ಟತಾನ. ಆಮ್ಯಾಲೆ ಅಚ್ಚಿನಾಗ ಇಟ್ಟು ಹಬಿ ಕೊಟ್ಟು ಬೇಯಿಸೋದು, ಸುಮಾರು 150 ಡಿಗ್ರಿ ಕಾವು. ಬೈಕಿನದು ಬೇಗ ಬೇಯತೈತಿ, ಲಾರಿದು ಮುಕ್ಕಾಲು ತಾಸಿಗೂ ಮ್ಯಾಲೆ. ಬ್ಯಾಸಿಗ್ಯಾಗ ಆ ಸಾಲಿನಾಗ ಎಂಟು ತಾಸು ನಿಲ್ಲೋದು ಅಂದ್ರ ಒಲಿ ಮುಂದ ಕುಂತ ನಮಗ ಬ್ಯಾರೆ ಹೇಳಬೇಕಾಗಿಲ್ಲ.

ಆ ಕರಿ ಪುಡಿ ಮನಿಗೂ ಬರತಿತ್ತು. ಉಗುರಿನ ಸಂದಿ, ಕಾಲರು, ದಿಂಬಿನ ಗಲೀಪು. ಕಂಪನಿ ಬಟ್ಟಿಗೆ ಬ್ಯಾರೆ ಬಕೀಟು, ಮಕ್ಕಳ ಅಂಗಿ ಅದರೊಳಗ ಬಿದ್ದರ ಮುಗೀತು. ರಬ್ಬರ್ ಕಾರ್ಖಾನಿ ಕೆಲಸ ಕ್ಯಾನ್ಸರಿಗೆ ದಾರಿ ಮಾಡತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಯಾವತ್ತೋ ಪಟ್ಟಿ ಮಾಡೇತಿ. ಬಟ್ಟಿ ಒಗೆಯೋರಿಗೆ ಆ ಸುದ್ದಿ ಯಾರು ಮುಟ್ಟಿಸಿದ್ರೋ!

ಅದಕ್ಕಿಂತಾ ಕಷ್ಟದ್ದು ಶಿಫ್ಟು. ಬೆಳಗಿನ 6ಕ್ಕ, ಮಧ್ಯಾಹ್ನ 2ಕ್ಕ, ರಾತ್ರಿ 10ಕ್ಕ. ಸರದಿ ಬದಲಾದಂಗೆಲ್ಲ ಒಲಿ ಹಚ್ಚೋ ಹೊತ್ತೂ ಬದಲು. ರಾತ್ರಿ ಪಾಳಿ ಮುಗಿಸಿ ಬಂದಾವ ಹಗಲು ಮಲಗಿದರ ಮಿಕ್ಸಿ ಹಾಕಂಗಿಲ್ಲ, ಹುಡುಗರು ಕೂಗಂಗಿಲ್ಲ. ಹಾಜರಿ ಪುಸ್ತಕದಾಗ ಗಂಡನ ಹೆಸರು ಒಂದೇ ಇರತಿತ್ತು, ಪಾಳಿ ಮಾತ್ರ ಇಡೀ ಮನಿಗೆ. ಆದರೂ ಕನ್ಯಾ ನೋಡೋ ಹೊತ್ತಿನಾಗ 'ಹುಡುಗ ಕಂಪನಿಯಾಗ ಪರ್ಮನೆಂಟ್' ಅಂದ್ರ ಹೊಲಕ್ಕಿಂತ ತೂಕ ಜಾಸ್ತಿ. ಪಿ.ಎಫ್., ಇ.ಎಸ್.ಐ. ಆಸ್ಪತ್ರಿ, ವರ್ಷಕ್ಕೊಮ್ಮೆ ಬೋನಸ್. ಮಳಿ ಕೈ ಕೊಟ್ಟರೂ ತಿಂಗಳಿಗೆ ರೊಕ್ಕ ಬರತೈತಿ ಅನ್ನೋದು ನಮ್ಮಂಥಾ ಒಣಬೇಸಾಯದ ಸೀಮ್ಯಾಗ ಸಣ್ಣ ಮಾತಲ್ಲ.

ಮುಂದ ಮಾಲೀಕರು ಬದಲಾದ್ರು. 1997ರಾಗ ವಿಕ್ರಾಂತ್ ಜೆ.ಕೆ. ಟೈರ್‌ನವರ ಪಾಲಾತು, ಇವತ್ತಿಗೂ ನಡದೈತಿ, ವಿಕ್ರಾಂತ್ ಅನ್ನೋ ಹೆಸರು ಲಾರಿ ಟೈರಿನ ಮ್ಯಾಲೆ ಇನ್ನೂ ಐತಿ. 2005ರಾಗ ಡನ್‌ಲಪ್ ಜೊತಿಗೆ ಫಾಲ್ಕನ್ ರುಯಾ ಗುಂಪಿನ ಕೈಗೆ ಹೋತು. ಸಾಹಾಗಂಜ್ ಮೊದಲು ನಿಂತಿತು, 2015ರ ಹೊತ್ತಿಗೆ ಫಾಲ್ಕನ್ನೂ ನಿಂತಿತು. ಸಂಬಳದ ಬಾಕಿಗೆ ಕೆಲಸಗಾರರು ಬೀದಿಗಿಳಿದ್ರು. ಒಂದೇ ರಸ್ತೆ, ಒಂದೇ ಕಸುಬು. ಒಂದು ಗೇಟಿನಾಗ ಸೈರನ್, ಇನ್ನೊಂದರಾಗ ಬೀಗ. ಯಾವ ಗೇಟಿನಾಗ ಕೆಲಸ ಸಿಕ್ಕಿತ್ತು ಅನ್ನೋದರ ಮ್ಯಾಲೆ ಮಕ್ಕಳ ಕಾಲೇಜು ಫೀಸು ನಿಂತಿತ್ತು.

ಆಗಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಲೆಕ್ಕದಾಗ ಒಂದು ವರ್ಷದ ದುಡಿಮಿಗೆ 15 ದಿನದ ಸಂಬಳ ಇತ್ತು. 20 ವರ್ಷ ಹಸಿ ಟೈರು ಕಟ್ಟಿದವಗ 300 ದಿನದ ರೊಕ್ಕ. ಬೀಗ ಬಿದ್ದ ಕಂಪನಿಯಿಂದ ಅದು ಕೈಗೆ ಬರೋತನಕ ಮನಿ ನಡೆಸಿದ್ದು ಹೊಲಿಗಿ ಮಿಷಿನ್ನು, ಗಾರ್ಮೆಂಟ್ಸು, ಸ್ವಸಹಾಯ ಸಂಘದ ಸಾಲ. ಅಂದ್ರ ಹೆಣ್ಣುಮಕ್ಕಳ ಪಾಳಿ.