ಮನೆಯ ಹಳೆಯ ಗಣಕಯಂತ್ರದಿಂದ ಬೇಹು ತಂತ್ರಾಂಶ ಹಾಗೂ ಕುತಂತ್ರಾಂಶಗಳ ನಿವಾರಣೆ: ಅರ್ಜಿದಾರರ ತಿಳಿವಳಿಕೆಗಾಗಿ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಋಣಭಾರ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ನಾಗರಿಕರು ಮನೆಯಿಂದಲೇ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಹೊಸಪೇಟೆ ನಗರದ ಚಿತ್ತವಾಡ್ಗಿ ಮತ್ತಿತರ ಬಡಾವಣೆಗಳಲ್ಲಾಗಲಿ, ಹಂಪಿ, ಕಂಪ್ಲಿ, ಸಂಡೂರು ಭಾಗದ ಗ್ರಾಮಗಳಲ್ಲಾಗಲಿ ಇದಕ್ಕೆ ಹತ್ತು-ಹದಿನೈದು ವರ್ಷ ಹಳೆಯದಾದ ಗಣಕಯಂತ್ರವನ್ನು ಬಳಸುವ ಕುಟುಂಬಗಳು ಇಲ್ಲದಿಲ್ಲ. ಅಂತಹ ಯಂತ್ರದಲ್ಲಿ ಬೇಹು ತಂತ್ರಾಂಶ ಸೇರಿಕೊಂಡಿದ್ದಲ್ಲಿ, ಅರ್ಜಿದಾರರು ಒತ್ತುವ ಪ್ರತಿಯೊಂದು ಅಕ್ಷರವೂ, ಅಂದರೆ ಗುಪ್ತಪದ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳೆಲ್ಲವೂ ಅಪರಿಚಿತರ ಕೈ ಸೇರಬಹುದು. ಆದ್ದರಿಂದ ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದೆ ಎಂಬ ಕಾರಣಕ್ಕೆ ಸೋಂಕಿನ ಅನುಮಾನವಿರುವ ಯಂತ್ರದಲ್ಲಿಯೇ ಅರ್ಜಿ ತುಂಬುವುದು ಸೂಕ್ತವಲ್ಲ. ಅಂತಹ ಸಂದರ್ಭದಲ್ಲಿ ನಾಡಕಚೇರಿ, ಕರ್ನಾಟಕ ಒನ್ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿ, ಯಂತ್ರದ ದುರಸ್ತಿಯನ್ನು ನಂತರ ಸಾವಕಾಶವಾಗಿ ಕೈಗೊಳ್ಳತಕ್ಕದ್ದು.

ತೊಂದರೆಗಳೆಲ್ಲವೂ ವೈರಸ್ ಅಲ್ಲ

ಹಳೆಯ ಯಂತ್ರ ನಿಧಾನವಾದ ಕೂಡಲೇ ವೈರಸ್ ಎಂದು ತೀರ್ಮಾನಿಸುವುದು ರೂಢಿ. ಆದರೆ ಅದಿರು ಲಾರಿಗಳು ಸಂಚರಿಸುವ ರಸ್ತೆಗಳ ಆಸುಪಾಸಿನ ಮನೆಗಳಲ್ಲಿ ಗಣಕಯಂತ್ರದ ಫ್ಯಾನ್‌ಗೆ ಕೆಂಪು ಧೂಳು ಮೆತ್ತಿಕೊಂಡು, ಪ್ರೊಸೆಸರ್ ಬಿಸಿಯೇರಿ ಯಂತ್ರ ನಿಧಾನಗೊಳ್ಳುವುದು ಅಥವಾ ತಾನಾಗಿ ನಿಂತುಹೋಗುವುದು ಉಂಟು. ವಿದ್ಯುತ್ ಸಂಪರ್ಕ ತೆಗೆದು ಮೃದುವಾದ ಬ್ರಷ್‌ನಿಂದ ಧೂಳು ಒರೆಸಿದಲ್ಲಿ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಇನ್ನೊಂದು ಕಾರಣ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದಲ್ಲಿ ಯಂತ್ರದ ದಿನಾಂಕವು ಪ್ರತಿ ಬಾರಿ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರ್ಕಾರಿ ಜಾಲತಾಣಗಳೂ ಬ್ಯಾಂಕ್ ಜಾಲತಾಣಗಳೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ತೋರಿಸುತ್ತವೆ. ಇದು ಸೋಂಕಲ್ಲ, ಸಾಮಾನ್ಯವಾಗಿ ಸಿಆರ್2032 ಎಂಬ ಗುರುತಿನ ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದರೆ ಸಾಕು. ಅಂತೆಯೇ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇಂದಿನ ಜಾಲತಾಣಗಳು ತೆರೆಯದಿರುವುದಕ್ಕೂ ವೈರಸ್ ಕಾರಣವಲ್ಲ. ಈಗಿನ ತಾಣಗಳು ಬಳಸುವ ಗೂಢಲಿಪಿ ವಿಧಾನವು ಆ ಬ್ರೌಸರ್‌ಗೆ ತಿಳಿಯದು.

ಸೋಂಕಿನ ಲಕ್ಷಣಗಳು ಬೇರೆ ಬಗೆಯವು. ಬ್ರೌಸರ್‌ನ ಮುಖಪುಟ ತಾನಾಗಿ ಬದಲಾಗುವುದು; ಹುಡುಕಿದ ವಿಷಯದ ಬದಲು ಜಾಹೀರಾತು ತಾಣ ತೆರೆಯುವುದು; ತೆಗೆದುಹಾಕಿದ ಟೂಲ್‌ಬಾರ್ ಮರುದಿನ ಪುನಃ ಕಾಣಿಸುವುದು; ಯಾರೂ ಬಳಸದಿರುವಾಗಲೂ ಅಂತರ್ಜಾಲದ ದತ್ತಾಂಶ ಖರ್ಚಾಗುವುದು; ಟಾಸ್ಕ್ ಮ್ಯಾನೇಜರ್ ತೆರೆಯದಿರುವುದು. ವೈರಸ್ ನಿರೋಧಕ ಸಂಸ್ಥೆಗಳ ತಾಣಗಳು ಮಾತ್ರ ತೆರೆಯದೆ ಉಳಿದೆಲ್ಲವೂ ತೆರೆಯುತ್ತಿದ್ದರೆ ಸೋಂಕಿನ ಸಂಭವ ಬಹಳ ಹೆಚ್ಚು. 2008ರ ನವೆಂಬರ್‌ನಲ್ಲಿ ಪತ್ತೆಯಾಗಿ ಜಗತ್ತಿನಾದ್ಯಂತ ಹರಡಿದ ಕಾನ್‌ಫಿಕರ್ ಎಂಬ ಹುಳು ಇದೇ ಉಪಾಯವನ್ನು ಅನುಸರಿಸಿತ್ತು.

ಪರದೆಯ ಮೇಲೆ ‘ನಿಮ್ಮ ಗಣಕಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸೂಚನೆ ಮೂಡಿದಲ್ಲಿ ಕರೆ ಮಾಡಬಾರದು. ನಿಜವಾದ ಭದ್ರತಾ ತಂತ್ರಾಂಶವು ದೂರವಾಣಿ ಕರೆಗೆ ಒತ್ತಾಯಿಸುವುದಿಲ್ಲ. ಕರೆ ಮಾಡಿದವರಿಗೆ ದೂರನಿಯಂತ್ರಣ ತಂತ್ರಾಂಶವನ್ನು ಅಳವಡಿಸುವಂತೆ ಹೇಳಿ, ಖಾತೆಯ ಹಣ ಲಪಟಾಯಿಸುವುದು ವಂಚಕರ ಪದ್ಧತಿಯಾಗಿರುತ್ತದೆ.

ಮೊದಲು ಮಾಡಬೇಕಾದುದು

ಅನುಮಾನ ಬಂದ ಕೂಡಲೇ ಅಂತರ್ಜಾಲದ ತಂತಿಯನ್ನು ಕಳಚುವುದು ಅಥವಾ ವೈ-ಫೈ ಸ್ಥಗಿತಗೊಳಿಸುವುದು. ಬೇಹು ತಂತ್ರಾಂಶವು ಕದ್ದ ಮಾಹಿತಿಯನ್ನು ಹೊರಗೆ ಕಳುಹಿಸಲು ಸಂಪರ್ಕ ಬೇಕೇ ಬೇಕು. ಗುಪ್ತಪದಗಳನ್ನು ಸೋಂಕಿಲ್ಲದ ಬೇರೊಂದು ಸಾಧನದಿಂದ ಬದಲಿಸಬೇಕು. ಸೋಂಕಿತ ಯಂತ್ರದಲ್ಲಿ ಬದಲಿಸಿದರೆ ಹೊಸ ಗುಪ್ತಪದವೂ ಕಳ್ಳರ ಪಾಲಾಗುತ್ತದೆ. ಮೊದಲು ಇ-ಮೇಲ್, ಅನಂತರ ಬ್ಯಾಂಕ್, ಆಮೇಲೆ ಸೇವಾ ಸಿಂಧು ಮುಂತಾದ ಸೇವಾ ಖಾತೆಗಳು, ಹೀಗೆ ಅನುಕ್ರಮವಾಗಿ ಮಾಡುವುದು ಒಳಿತು. ಇ-ಮೇಲ್ ಕೈತಪ್ಪಿದಲ್ಲಿ ಉಳಿದ ಖಾತೆಗಳ ಗುಪ್ತಪದಗಳನ್ನು ಅದರ ಮೂಲಕವೇ ಬದಲಾಯಿಸಲು ಸಾಧ್ಯವಾಗುವುದರಿಂದ ಅದಕ್ಕೆ ಮೊದಲ ಸ್ಥಾನ. ಪರದೆಯ ಮೇಲಿನ ಕೀಲಿಮಣೆಯನ್ನು ಬಳಸಿದರೆ ಸುರಕ್ಷಿತ ಎಂಬ ನಂಬಿಕೆ ಪೂರ್ಣ ಸರಿಯಲ್ಲ. ಪರದೆಯ ಚಿತ್ರವನ್ನೇ ತೆಗೆದು ಕಳುಹಿಸುವ ತಂತ್ರಾಂಶಗಳೂ ಇವೆ.

ಬಳಿಕ ಕಡತಗಳ ಪ್ರತಿ ತೆಗೆದಿಡಬೇಕು. ಭಾವಚಿತ್ರ, ಅಂಕಪಟ್ಟಿ, ಕ್ರಯಪತ್ರ, ಪಹಣಿಗಳ ಸ್ಕ್ಯಾನ್ ಪ್ರತಿ ಹಾಗೂ ಬೆರಳಚ್ಚು ಮಾಡಿದ ದಾಖಲೆಗಳನ್ನು ಮಾತ್ರ ಪ್ರತಿ ಮಾಡಿಕೊಳ್ಳುವುದು. ತಂತ್ರಾಂಶಗಳನ್ನು, ಅಂದರೆ ಇಎಕ್ಸ್‌ಇ ಎಂದು ಕೊನೆಗೊಳ್ಳುವ ಕಡತಗಳನ್ನು ಪ್ರತಿ ಮಾಡಬಾರದು.

ನಿವಾರಣೆಯ ಕ್ರಮ

ಶುದ್ಧೀಕರಣ ಸಾಧನಗಳನ್ನು ಸೋಂಕಿಲ್ಲದ ಯಂತ್ರದಲ್ಲಿ ಇಳಿಸಿಕೊಂಡು ತರುವುದು ಉತ್ತಮ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2017ರ ಫೆಬ್ರವರಿ 21ರಂದು ಆರಂಭಗೊಂಡ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಇಂತಹ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಕೇಂದ್ರದ ತಾಣದ ವಿಳಾಸ ಸಿಎಸ್‌ಕೆ ಡಾಟ್ ಜಿಒವಿ ಡಾಟ್ ಇನ್. ಹುಡುಕಾಟದ ಫಲಿತಾಂಶಗಳಲ್ಲಿ ಮೇಲ್ಭಾಗದಲ್ಲಿ ಕಾಣುವ ‘ಉಚಿತ ವೈರಸ್ ನಿವಾರಕ’ ಎಂಬ ಜಾಹೀರಾತುಗಳಲ್ಲಿ ಕೆಲವು ಸ್ವತಃ ಕುತಂತ್ರಾಂಶಗಳೇ ಆಗಿರುವುದರಿಂದ ವಿಳಾಸವನ್ನು ನೇರವಾಗಿ ಬೆರಳಚ್ಚು ಮಾಡುವುದು ಕ್ಷೇಮ.

ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಆರಂಭಿಸಬೇಕು. ವಿಂಡೋಸ್ ಎಕ್ಸ್‌ಪಿ ಮತ್ತು 7ರಲ್ಲಿ ಯಂತ್ರ ಆರಂಭವಾಗುವಾಗ ಎಫ್8 ಕೀಲಿಯನ್ನು ಪದೇ ಪದೇ ಒತ್ತುವುದು. ವಿಂಡೋಸ್ 10ರಲ್ಲಿ ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಆಯ್ಕೆ ಮಾಡುವುದು. ಈ ಸ್ಥಿತಿಯಲ್ಲಿ ಅತ್ಯಗತ್ಯ ಭಾಗಗಳು ಮಾತ್ರ ಚಾಲನೆಗೊಳ್ಳುವುದರಿಂದ ಬಹುತೇಕ ಕುತಂತ್ರಾಂಶಗಳು ನಿದ್ರಾವಸ್ಥೆಯಲ್ಲಿರುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಅನುಸಾರ ಜೋಡಿಸಿ, ತೊಂದರೆ ಆರಂಭವಾದ ದಿನಗಳಲ್ಲಿ ಸೇರಿದ ಅಪರಿಚಿತ ತಂತ್ರಾಂಶಗಳನ್ನು ತೆಗೆಯುವುದು. ತಾತ್ಕಾಲಿಕ ಕಡತಗಳನ್ನು ಡಿಸ್ಕ್ ಕ್ಲೀನಪ್ ಮೂಲಕ ಅಳಿಸುವುದು. ಇದರಿಂದ ಮುಂದಿನ ತಪಾಸಣೆಗೆ ಬೇಕಾಗುವ ಸಮಯವೂ ಕಡಿಮೆಯಾಗುತ್ತದೆ. ನಂತರ ಪೂರ್ಣ ತಪಾಸಣೆ ನಡೆಸುವುದು. ಹಳೆಯ ಯಂತ್ರದಲ್ಲಿ ಇದಕ್ಕೆ ಹಲವು ಗಂಟೆಗಳು ಹಿಡಿಯಬಹುದು. ಮಧ್ಯೆ ವಿದ್ಯುತ್ ಕಡಿತವಾಗದಂತೆ ಯುಪಿಎಸ್ ಇದ್ದರೆ ಒಳಿತು. ಮುಗಿದ ಮೇಲೆ ಯಂತ್ರವನ್ನು ಪುನರಾರಂಭಿಸಿ, ಬೇರೊಂದು ಸಂಸ್ಥೆಯ ಸಾಧನದಿಂದ ಇನ್ನೊಮ್ಮೆ ತಪಾಸಿಸಬೇಕು. ಒಂದಕ್ಕೆ ಕಾಣದಿದ್ದುದು ಇನ್ನೊಂದಕ್ಕೆ ಕಾಣುವುದುಂಟು. ಆದರೆ ಸದಾ ಕಾವಲು ಕಾಯುವ ಬಗೆಯ ಎರಡು ವೈರಸ್ ನಿರೋಧಕಗಳನ್ನು ಏಕಕಾಲಕ್ಕೆ ಅಳವಡಿಸಬಾರದು. ಅವು ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬಂದು ಯಂತ್ರವನ್ನು ಮತ್ತಷ್ಟು ನಿಧಾನಗೊಳಿಸುತ್ತವೆ.

ತೆಗೆದರೂ ಮರಳಿ ಬರುವ ಕುತಂತ್ರಾಂಶ

ನಾಗರಿಕರು ಹೆಚ್ಚು ಬೇಸರಗೊಳ್ಳುವುದು ಈ ಹಂತದಲ್ಲಿ. ಮೊಂಡ ಕುತಂತ್ರಾಂಶವು ಸಾಮಾನ್ಯವಾಗಿ ಒಂದೇ ಕಡತವಾಗಿರುವುದಿಲ್ಲ. ಒಂದನ್ನು ಅಳಿಸಿದರೆ ಅದನ್ನು ಗಮನಿಸುತ್ತಿರುವ ಇನ್ನೊಂದು ಭಾಗವು ಹೊಸ ಪ್ರತಿಯನ್ನು ಸೃಷ್ಟಿಸುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದು ತನ್ನ ಹೆಸರು ಬರೆಸಿಕೊಂಡಿದ್ದಲ್ಲಿ ನಿಗದಿತ ವೇಳೆಗೆ ಮತ್ತೆ ಎದ್ದು ಕೂರುತ್ತದೆ. ಆದ್ದರಿಂದ ಎಂಎಸ್‌ಕಾನ್ಫಿಗ್ ಅಥವಾ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ, ಟಾಸ್ಕ್ ಶೆಡ್ಯೂಲರ್‌ನ ಪಟ್ಟಿಯನ್ನೂ, ಬ್ರೌಸರ್‌ನ ವಿಸ್ತರಣೆಗಳನ್ನೂ ಒಟ್ಟಿಗೇ ಪರಿಶೀಲಿಸಬೇಕು. ಯಾವುದೇ ಹೆಸರು ತಿಳಿಯದಿದ್ದಲ್ಲಿ ಅಳಿಸುವ ಬದಲು ನಿಷ್ಕ್ರಿಯಗೊಳಿಸಿ ನೋಡುವುದು ಜಾಣತನ.

ಹೋಸ್ಟ್ಸ್ ಎಂಬ ಚಿಕ್ಕ ಪಠ್ಯಕಡತವನ್ನೂ ನೋಡತಕ್ಕದ್ದು. ಇದು ವಿಂಡೋಸ್ ಕಡತಕೋಶದೊಳಗಿನ ಸಿಸ್ಟಮ್32, ಅದರೊಳಗಿನ ಡ್ರೈವರ್ಸ್, ಅದರೊಳಗಿನ ಇಟಿಸಿ ಎಂಬಲ್ಲಿ ಇರುತ್ತದೆ. ಇದರಲ್ಲಿ ಬ್ಯಾಂಕ್ ಅಥವಾ ವೈರಸ್ ನಿರೋಧಕ ಸಂಸ್ಥೆಗಳ ಹೆಸರುಗಳಿದ್ದರೆ ಆ ಸಾಲುಗಳನ್ನು ಕುತಂತ್ರಾಂಶವೇ ಸೇರಿಸಿದೆ ಎಂದು ತಿಳಿಯಬಹುದು. ಬ್ರೌಸರ್‌ನ ಪ್ರಾಕ್ಸಿ ವ್ಯವಸ್ಥೆಯನ್ನೂ, ರೌಟರ್‌ನ ಡಿಎನ್‌ಎಸ್ ವಿಳಾಸವನ್ನೂ ಪರಿಶೀಲಿಸಬೇಕು. ಡಿಎನ್‌ಎಸ್ ಬದಲಿಸುವ ಕುತಂತ್ರಾಂಶದಿಂದ ಬಾಧಿತರಾದವರಿಗಾಗಿ ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ನಡೆಸಿದ್ದ ತಾತ್ಕಾಲಿಕ ಸರ್ವರ್‌ಗಳು 2012ರ ಜುಲೈ 9ರಂದು ಸ್ಥಗಿತಗೊಂಡಾಗ, ಅಲ್ಲಿಯವರೆಗೂ ಯಂತ್ರವನ್ನು ಶುದ್ಧಗೊಳಿಸದಿದ್ದವರಿಗೆ ಜಾಲತಾಣಗಳೇ ತೆರೆಯದಂತಾದವು. ರೌಟರ್ ಬಂದಾಗ ಇದ್ದ ಮೂಲ ಗುಪ್ತಪದವನ್ನು ಹಾಗೆಯೇ ಉಳಿಸಿಕೊಂಡಿದ್ದರೆ ಇಂದೇ ಬದಲಿಸುವುದು.

ವಿಂಡೋಸ್ 10 ಇರುವ ಯಂತ್ರಗಳಲ್ಲಿ ಡಿಫೆಂಡರ್‌ನ ಆಫ್‌ಲೈನ್ ತಪಾಸಣೆ ಲಭ್ಯವಿದೆ. ವಿಂಡೋಸ್ ಪೂರ್ಣವಾಗಿ ಆರಂಭವಾಗುವ ಮೊದಲೇ ಇದು ನಡೆಯುವುದರಿಂದ, ವ್ಯವಸ್ಥೆಯ ಆಳದಲ್ಲಿ ಅಡಗಿ ಕುಳಿತ ರೂಟ್‌ಕಿಟ್‌ಗಳನ್ನು ಪತ್ತೆಹಚ್ಚುವಲ್ಲಿ ಇತರ ತಪಾಸಣೆಗಳಿಗಿಂತ ಪರಿಣಾಮಕಾರಿ. ಹಳೆಯ ಸಿಸ್ಟಮ್ ರೀಸ್ಟೋರ್ ಬಿಂದುಗಳಲ್ಲಿಯೂ ಸೋಂಕು ಉಳಿದಿರಬಹುದಾದ ಕಾರಣ, ಯಂತ್ರ ಪೂರ್ಣ ಶುದ್ಧವಾದ ಮೇಲೆ ಅವನ್ನು ಅಳಿಸಿ ಹೊಸದೊಂದನ್ನು ರಚಿಸಬೇಕು. ಶುದ್ಧವಾಗುವ ಮೊದಲೇ ಅಳಿಸಿದರೆ ಹಿಂದಿರುಗುವ ದಾರಿಯೇ ಇಲ್ಲವಾದೀತು.

ಪೆನ್‌ಡ್ರೈವ್

ಇಷ್ಟೆಲ್ಲ ಮಾಡಿದರೂ ಒಂದು ವಾರದಲ್ಲಿ ಸೋಂಕು ಮರಳಿದ್ದರೆ ಮೊದಲು ಅನುಮಾನಿಸಬೇಕಾದುದು ಪೆನ್‌ಡ್ರೈವನ್ನು. ಅರ್ಜಿಯ ಪ್ರತಿ ಮುದ್ರಿಸಲು ಜೆರಾಕ್ಸ್ ಅಂಗಡಿಗೆ ಕೊಂಡೊಯ್ದ ಪೆನ್‌ಡ್ರೈವ್, ಅಂದು ಅದೇ ಯಂತ್ರಕ್ಕೆ ಸಿಕ್ಕಿಸಿದ ಇತರ ಹತ್ತಾರು ಪೆನ್‌ಡ್ರೈವ್‌ಗಳ ಸೋಂಕನ್ನೂ ಹೊತ್ತು ತರಬಹುದು. ಕಡತಕೋಶಗಳೆಲ್ಲವೂ ಶಾರ್ಟ್‌ಕಟ್‌ಗಳಾಗಿ ಮಾರ್ಪಟ್ಟು ಮೂಲ ದಾಖಲೆಗಳು ಕಾಣೆಯಾದಂತೆ ತೋರುವುದು ಇದರ ಸಾಮಾನ್ಯ ರೂಪ. ಇಂತಹ ಸಂದರ್ಭದಲ್ಲಿ ದಾಖಲೆಗಳು ಬಹುತೇಕ ಅಳಿದಿರುವುದಿಲ್ಲ, ಮರೆಯಾಗಿರುತ್ತವೆ ಅಷ್ಟೆ. ಆ ಶಾರ್ಟ್‌ಕಟ್‌ಗಳನ್ನು ಒತ್ತಬಾರದು. ಒತ್ತಿದರೆ ಕಡತಕೋಶದೊಂದಿಗೆ ಕುತಂತ್ರಾಂಶವೂ ತೆರೆದುಕೊಳ್ಳುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಮರೆಮಾಡಿದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಗುರುತಿಸಿ, ವ್ಯವಸ್ಥೆಯ ರಕ್ಷಿತ ಕಡತಗಳನ್ನು ಮರೆಮಾಡುವ ಆಯ್ಕೆಯನ್ನು ತೆಗೆದರೆ ಮೂಲ ದಾಖಲೆಗಳು ಕಾಣಿಸುತ್ತವೆ. ಕೆಲವೊಮ್ಮೆ ಅವು ಹೆಸರೇ ಇಲ್ಲದ ಒಂದು ಕಡತಕೋಶದೊಳಗೆ ಇರುತ್ತವೆ. ದಾಖಲೆಗಳನ್ನಷ್ಟೇ ಪ್ರತಿ ಮಾಡಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು.

ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಅದರಲ್ಲಿನ ತಂತ್ರಾಂಶ ತಾನಾಗಿ ಚಾಲನೆಗೊಳ್ಳುವ ಆಟೋರನ್ ಸೌಲಭ್ಯವನ್ನು ವಿಂಡೋಸ್ 7ರಲ್ಲಿ ಕೈಬಿಡಲಾಗಿದೆ. ಎಕ್ಸ್‌ಪಿ ಮತ್ತು ವಿಸ್ತಾಗಳಿಗೆ 2011ರ ಫೆಬ್ರವರಿಯಲ್ಲಿ ಪರಿಷ್ಕರಣೆಯ ಮೂಲಕ ಅದನ್ನು ನಿಲ್ಲಿಸಲಾಯಿತು. ಆ ಪರಿಷ್ಕರಣೆ ಪಡೆಯದ ಎಕ್ಸ್‌ಪಿ ಯಂತ್ರಗಳಲ್ಲಿ ಪೆನ್‌ಡ್ರೈವ್ ಸಿಕ್ಕಿಸುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಆಟೋರನ್ ತಡೆಯಬಹುದು. ಮುದ್ರಣಕ್ಕೆ ಪ್ರತ್ಯೇಕ ಪೆನ್‌ಡ್ರೈವ್ ಇಟ್ಟುಕೊಂಡು, ಬೇರೇನನ್ನೂ ಅದರಲ್ಲಿ ಸಂಗ್ರಹಿಸದಿರುವುದು ಎಲ್ಲಕ್ಕಿಂತ ಸುಲಭದ ಉಪಾಯ.

ಪುನಃ ಅಳವಡಿಕೆ

ಎರಡು ಮೂರು ಪ್ರಯತ್ನಗಳ ನಂತರವೂ ಸೋಂಕು ಹೋಗದಿದ್ದಲ್ಲಿ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸುವುದೇ ಸರಿಯಾದ ಮಾರ್ಗ. ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಯಂತ್ರವಾದಲ್ಲಿ ಕಾಯುತ್ತ ಕೂರದೆ ಮೊದಲೇ ಹೀಗೆ ಮಾಡುವುದು ಲೇಸು. ಅದಕ್ಕೂ ಮುನ್ನ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಹಳೆಯ ಕನ್ನಡ ದಾಖಲೆಗಳನ್ನು ಗಮನಿಸಬೇಕು. ಯೂನಿಕೋಡ್‌ನಲ್ಲಿರದ ಇಂತಹ ದಾಖಲೆಗಳು ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದು ವೈರಸ್‌ನ ಹಾನಿಯಲ್ಲ; ಅಕ್ಷರಶೈಲಿಯನ್ನು ಮರಳಿ ಅಳವಡಿಸಿದರೆ ಸರಿಯಾಗುತ್ತದೆ. ಮುದ್ರಣಯಂತ್ರ, ಸ್ಕ್ಯಾನರ್ ಹಾಗೂ ಬೆರಳಚ್ಚು ಗುರುತಿನ ಸಾಧನವಿದ್ದಲ್ಲಿ ಅವುಗಳ ಚಾಲಕ ತಂತ್ರಾಂಶಗಳನ್ನೂ ಮುಂಚಿತವಾಗಿ ಸಂಗ್ರಹಿಸಿಕೊಳ್ಳುವುದು.

ಯಾವ ವ್ಯವಸ್ಥೆ ಅಳವಡಿಸಬೇಕೆಂಬ ಪ್ರಶ್ನೆ ಇಲ್ಲಿ ಬರುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಎಕ್ಸ್‌ಪಿಯನ್ನು ಮತ್ತೆ ಅಳವಡಿಸಿ ಅಂತರ್ಜಾಲಕ್ಕೆ ಜೋಡಿಸುವುದು ಬಾಗಿಲಿಲ್ಲದ ಮನೆಗೆ ಸುಣ್ಣ ಬಳಿದಂತೆ. ಅರ್ಜಿ ತುಂಬುವುದು, ಪತ್ರ ಬರೆಯುವುದು ಇಷ್ಟೇ ಕೆಲಸವಿದ್ದಲ್ಲಿ ಹಗುರವಾದ ಲಿನಕ್ಸ್ ಆವೃತ್ತಿ ಸಾಕಾಗುತ್ತದೆ. ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಬಾಸ್ ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳ ಬೆಂಬಲವಿದೆ. ತೀರ ಹಳೆಯ ಯಂತ್ರಕ್ಕೆ ಅದು ಹೊಂದುವುದೇ ಎಂಬುದನ್ನು ಹಾರ್ಡ್ ಡಿಸ್ಕ್‌ನಲ್ಲಿ ಅಳವಡಿಸುವ ಮೊದಲೇ ಡಿವಿಡಿ ಅಥವಾ ಪೆನ್‌ಡ್ರೈವ್‌ನಿಂದ ಚಾಲನೆ ಮಾಡಿ ನೋಡಬಹುದು.

ದುರಸ್ತಿ ಅಂಗಡಿಗೆ ಯಂತ್ರ ಕೊಡುವಾಗ ಪರವಾನಗಿಯಿಲ್ಲದ ವಿಂಡೋಸ್ ಅಳವಡಿಸದಂತೆ ಸ್ಪಷ್ಟವಾಗಿ ತಿಳಿಸಬೇಕು. ಅಂತಹ ಪ್ರತಿಗಳನ್ನು ಸಕ್ರಿಯಗೊಳಿಸಲು ಬಳಸುವ ‘ಕ್ರ್ಯಾಕ್’ ಕಡತಗಳು ವೈರಸ್ ನಿರೋಧಕವನ್ನು ಮೊದಲು ನಿಲ್ಲಿಸುವಂತೆ ಕೇಳುತ್ತವೆ. ಕಾವಲುಗಾರನನ್ನು ಹೊರಗೆ ಕಳುಹಿಸಿ ಅಪರಿಚಿತನನ್ನು ಒಳಗೆ ಕರೆದಂತೆ ಇದು. ದಾಖಲೆಗಳನ್ನು ಲಾಕ್ ಮಾಡಿ ಹಣ ಕೇಳುವ ಕುತಂತ್ರಾಂಶಗಳು ಹರಡಿರುವ ಮಾರ್ಗಗಳಲ್ಲಿ ಇದು ಮುಖ್ಯವಾದುದು. ಈಗಾಗಲೇ ದಾಖಲೆಗಳು ಲಾಕ್ ಆಗಿದ್ದಲ್ಲಿ ಹಣ ಪಾವತಿಸಬಾರದು. ಪಾವತಿಸಿದರೂ ದಾಖಲೆ ಮರಳುವ ಖಾತರಿಯಿಲ್ಲ. ಯುರೋಪೋಲ್ ಮತ್ತಿತರ ಸಂಸ್ಥೆಗಳು 2016ರಲ್ಲಿ ಆರಂಭಿಸಿದ ನೋ ಮೋರ್ ರಾನ್ಸಮ್ ತಾಣದಲ್ಲಿ ಕೆಲವು ಬಗೆಗಳಿಗೆ ಉಚಿತ ಕೀಲಿಗಳು ದೊರೆಯುತ್ತವೆ.

ಸೋಂಕಿತ ಯಂತ್ರವು ಮಾಲೀಕರಿಗೆ ತಿಳಿಯದೆಯೇ ಇತರರ ಮೇಲೆ ದಾಳಿ ಮಾಡುವ ಬಾಟ್‌ನೆಟ್‌ನ ಭಾಗವಾಗಲೂಬಹುದು. ಅಂತಹ ಜಾಲಗಳ ಒಂದು ಉಪಯೋಗವೆಂದರೆ ಹುಸಿ ಕೋರಿಕೆಗಳ ಪ್ರವಾಹ ಹರಿಸಿ ಸೇವೆಯನ್ನು ಉಸಿರುಗಟ್ಟಿಸುವುದು. 2025ರ ಜನವರಿಯಲ್ಲಿ ರಾಜ್ಯದ ಕಾವೇರಿ 2.0 ನೋಂದಣಿ ತಂತ್ರಾಂಶವು ಇಂತಹ ಸೇವಾ ನಿರಾಕರಣೆ ದಾಳಿಗೆ ಒಳಗಾಗಿ, ಆಸ್ತಿ ನೋಂದಣಿಗೆ ಬಂದವರು ತೊಂದರೆ ಅನುಭವಿಸಬೇಕಾಯಿತು.

ಹಣ ಅಥವಾ ಮಾಹಿತಿ ಕಳೆದುಕೊಂಡಲ್ಲಿ

ಖಾತೆಯಿಂದ ಹಣ ಹೋಗಿದ್ದಲ್ಲಿ ಯಂತ್ರದ ದುರಸ್ತಿಗೆ ಕೈಹಾಕುವ ಮೊದಲು ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಹಾಗೂ ಬ್ಯಾಂಕಿಗೆ ತಿಳಿಸುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುವ ಮುನ್ನ ತಡೆಹಿಡಿಯಲು ಸಾಧ್ಯವಾಗುವುದರಿಂದ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿಯೂ ದೂರು ದಾಖಲಿಸಬಹುದು. ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೂ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿವೆ. ಆದರೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ, ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಹತ್ತಿರದ ಠಾಣೆಯಲ್ಲಿ ನೀಡಬಹುದಾಗಿದೆ. ಅನ್ಯರ ಗುಪ್ತಪದ ಅಥವಾ ವಿದ್ಯುನ್ಮಾನ ಸಹಿಯ ದುರ್ಬಳಕೆಯು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಪ್ರಕರಣದಡಿ ಶಿಕ್ಷಾರ್ಹ.

ದೂರು ನೀಡುವವರು ಬ್ಯಾಂಕ್ ಖಾತೆಯ ವಿವರ ಪಟ್ಟಿ, ವ್ಯವಹಾರದ ಸಂಖ್ಯೆ ಮತ್ತು ವೇಳೆ, ಬಂದ ಸಂದೇಶಗಳ ಪ್ರತಿ ಹಾಗೂ ಪರದೆಯ ಛಾಯಾಚಿತ್ರಗಳನ್ನು ಒದಗಿಸಬೇಕು. ದೂರು ದಾಖಲಾಗುವವರೆಗೆ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಬಾರದು; ಸಾಕ್ಷ್ಯ ಅದರಲ್ಲಿಯೇ ಇರುತ್ತದೆ.