ಸ್ಪಿಟ್‌ಫೈರ್‌ನ ರೆಕ್ಕೆಯಡಿಯ ರೆಡಿಯೇಟರ್

ಬ್ರಿಟನ್ನಿನ ಸೂಪರ್‌ಮರೀನ್ ಕಂಪನಿಯ ಸ್ಪಿಟ್‌ಫೈರ್ ಯುದ್ಧವಿಮಾನ ಮೊದಲು ಹಾರಿದ್ದು 1936ರಲ್ಲಿ. ಅದರ 27 ಲೀಟರಿನ, 12 ಸಿಲಿಂಡರಿನ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿನ ಕಾವನ್ನು ಗ್ಲೈಕಾಲ್ ದ್ರವ ರೆಕ್ಕೆಯಡಿಯ ರೆಡಿಯೇಟರಿಗೆ ಹೊತ್ತು ತರುತ್ತಿತ್ತು.

ಅಗಲವಾದ ತೆಳು ರೆಡಿಯೇಟರ್ ಚೆನ್ನಾಗಿ ತಂಪು ಮಾಡುತ್ತದೆ, ಆದರೆ ಗಾಳಿಗೆ ಅಡ್ಡ ನಿಂತು ವೇಗ ತಿನ್ನುತ್ತದೆ. ದಪ್ಪನೆಯದು ಕಿರಿದಾದ ಜಾಗದಲ್ಲಿ ಹಿಡಿಸುತ್ತದೆ. ಅದರ ಹಿಂಭಾಗಕ್ಕೆ ಸಿಗುವುದು ಮಾತ್ರ ಮುಂಭಾಗ ಆಗಲೇ ಬಿಸಿ ಮಾಡಿದ ಗಾಳಿ. ಆ ಗಾಳಿಯನ್ನು ನೂಕುವುದೂ ಕಷ್ಟ. ದಪ್ಪ ಇಮ್ಮಡಿಯಾದರೆ ತಂಪು ಇಮ್ಮಡಿಯಾಗದು.

ಈ ಇಕ್ಕಟ್ಟಿಗೆ ದಾರಿ ತೋರಿದವರು ಫಾರ್ನ್‌ಬರೋ ಸಂಶೋಧನಾಲಯದ ಎಫ್. ಡಬ್ಲ್ಯು. ಮೆರೆಡಿತ್. ರೆಡಿಯೇಟರ್ ಕೂತಿರುವ ಗೂಡಿನ ಬಾಯಿಯನ್ನು ಗಮನಿಸಿ: ಬಾಯಿ ಕಿರಿದು, ಒಳಗೆ ಹೋದಂತೆ ಅಗಲ. ಅಲ್ಲಿ ಗಾಳಿ ನಿಧಾನವಾಗಿ, ಒತ್ತಡ ಏರುತ್ತದೆ. ನಿಧಾನದ ಗಾಳಿ ದಪ್ಪ ರೆಡಿಯೇಟರನ್ನೂ ಹೆಚ್ಚು ನಷ್ಟವಿಲ್ಲದೆ ದಾಟುತ್ತದೆ. ಕಾದು ಹಿಗ್ಗಿ ಹಿಂದೆ ಚಿಮ್ಮುವಾಗ ವಿಮಾನವನ್ನು ಅಷ್ಟಿಷ್ಟು ಮುಂದಕ್ಕೂ ತಳ್ಳುತ್ತದೆ. ಗೂಡಿನ ಹಿಂಬದಿಯ ಮುಚ್ಚಳ ಗಾಳಿಯ ಪ್ರಮಾಣವನ್ನು ಹತೋಟಿಯಲ್ಲಿಡುತ್ತದೆ.

ಜಾಣ ಏರ್ಪಾಡೇನೋ ಹೌದು. ಆದರೆ ನೆಲದ ಮೇಲೆ ನಿಂತಾಗ ಗಾಳಿ ಸಾಲದೆ ಎಂಜಿನ್ ಬೇಗ ಕಾಯುತ್ತಿತ್ತು. ಪೈಲಟ್‌ಗಳು ಟೇಕಾಫ್‌ಗೆ ಅವಸರಪಡುತ್ತಿದ್ದರು.

ಮೊದಲ ಮಾದರಿಗಳಲ್ಲಿ ರೆಡಿಯೇಟರ್ ಬಲರೆಕ್ಕೆಯಡಿ ಮಾತ್ರ. ಎಡಕ್ಕಿದ್ದದ್ದು ಚಿಕ್ಕ ಆಯಿಲ್ ಕೂಲರ್. ಹೆಚ್ಚು ಶಕ್ತಿಯ ಎಂಜಿನ್ನಿನ ಮಾರ್ಕ್ 9ರಲ್ಲಿ ಎರಡೂ ರೆಕ್ಕೆಗಳ ಅಡಿ ರೆಡಿಯೇಟರ್ ಬಂತು.