ಎರೆಯ ನೆಲವೂ ಒಣಬೇಸಾಯದ ಸಂಶೋಧನೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳು ವಿಜಾಪುರ ಸೀಮೆಗೆ ಸೇರಿದವು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಮೂರು ಹೊಳೆಗಳ ಹೆಸರನ್ನು ಕೇಳಿದವರು ಇದು ನೀರಿನ ನಾಡೆಂದು ಭಾವಿಸಬಹುದು. ಆದರೆ ಹೊಳೆಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಮೇಲಿವೆ. ತಲೆತಲಾಂತರದಿಂದ ಇಲ್ಲಿಯ ಒಕ್ಕಲುತನವು ಮಳೆಯನ್ನೇ ನಂಬಿ ನಡೆದುಬಂದಿದೆ. ಆ ಮಳೆಯ ನೀರನ್ನು ನೆಲದಲ್ಲಿ ಹಿಡಿದಿಡುವುದಕ್ಕಾಗಿ ಕಳೆದ ಶತಮಾನದಲ್ಲಿ ನಡೆದ ಸಂಶೋಧನೆಯ ಚರಿತ್ರೆಯನ್ನು ನಾವು ಈ ಭಾಷಣದಲ್ಲಿ ಸಂಗ್ರಹವಾಗಿ ನೋಡೋಣ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 23-24 ಅಂಗುಲ. ಅದರಲ್ಲಿ ಹೆಚ್ಚು ಭಾಗ ಬೀಳುವುದು ಮುಂಗಾರಿನ ಕೊನೆಗೆ. ಎರೆಯ ಹೊಲದಲ್ಲಿ ಜೋಳವನ್ನು ಬಿತ್ತುವುದು ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ. ಅಲ್ಲಿಂದ ಮುಂದೆ ಪೈರಿಗೆ ಮೇಲಿನ ನೀರು ದೊರೆಯುವುದು ಅಪರೂಪ. ನೆಲ ಕುಡಿದಿಟ್ಟ ನೀರಿನಿಂದಲೇ ತೆನೆ ಕಟ್ಟಬೇಕು, ದನಗಳಿಗೆ ಸೊಪ್ಪೆಯೂ ಬೆಳೆಯಬೇಕು. ನೀರು ಓಡಿಹೋದರೆ ಮನುಷ್ಯರಿಗೂ ದನಗಳಿಗೂ ಒಮ್ಮೆಗೇ ಬರ. 1876-78ರ ಮಹಾಕ್ಷಾಮವು ಅಂದು ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಸೀಮೆಯನ್ನು ಹಾಳುಗೆಡವಿತು. ಪ್ರಾಂತಗಳಲ್ಲಿ ಕೃಷಿ ಇಲಾಖೆಗಳು ಇರಬೇಕೆಂದು 1880ರ ಕ್ಷಾಮ ಆಯೋಗವು ಸೂಚಿಸಿದುದು ಇಂತಹ ಅನುಭವದಿಂದಲೇ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ಪ್ರಯತ್ನ ನಡೆದಿತ್ತು. 1862ರ ಮಾರಿಲ್ ಕಾನೂನಿನಂತೆ ಸಂಯುಕ್ತ ಸರಕಾರವು ಸಂಸ್ಥಾನಗಳಿಗೆ ಭೂಮಿಯನ್ನು ಕೊಟ್ಟು, ಅದರ ಉತ್ಪನ್ನದಿಂದ ಕೃಷಿ ಮತ್ತು ಯಂತ್ರಕಲೆಗಳನ್ನು ಕಲಿಸುವ ಕಾಲೇಜುಗಳನ್ನು ನಡೆಸುವಂತೆ ಮಾಡಿತು. 1887ರ ಹ್ಯಾಚ್ ಕಾನೂನಿನಿಂದ ಆ ಕಾಲೇಜುಗಳಿಗೆ ಪ್ರಯೋಗಕ್ಷೇತ್ರಗಳೂ ಸೇರಿದವು. ಅಂತಹದೊಂದಾದ ಯೂಟಾ ಕೃಷಿ ಕಾಲೇಜಿನ ಅಧ್ಯಕ್ಷರಾಗಿದ್ದ ಜಾನ್ ವಿಡ್ಟ್ಸೋ ಅವರು 1911ರಲ್ಲಿ ಒಣಬೇಸಾಯವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಅಲ್ಲಿಯ ಪದ್ಧತಿಯಲ್ಲಿ ಒಂದು ವರ್ಷ ಹೊಲವನ್ನು ಬೀಳು ಬಿಟ್ಟು, ಕಳೆ ತೆಗೆದು, ಮುಂದಿನ ವರ್ಷದ ಬೆಳೆಗೆ ತೇವವನ್ನು ಕೂಡಿಡುವುದು ಮುಖ್ಯವಾಗಿತ್ತು. ವಿಶಾಲವಾದ ಭೂಮಿಯುಳ್ಳವರಿಗೆ ಇದು ಸಾಧ್ಯ. ನಾಲ್ಕಾರು ಎಕರೆಯ ಒಕ್ಕಲಿಗನು ಒಂದು ವರ್ಷ ಪೂರ್ತಿ ಬೀಳು ಬಿಟ್ಟರೆ ಉಣ್ಣುವುದೇನು? ಆದುದರಿಂದ ದಖನ್ನಿನ ಪ್ರಶ್ನೆಗೆ ದಖನ್ನಿನಲ್ಲಿಯೇ ಉತ್ತರವನ್ನು ಹುಡುಕಬೇಕಾಯಿತು.

1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ತಾಮ್ಹಣೆ ಅವರ ನೇತೃತ್ವದಲ್ಲಿ ಒಣಬೇಸಾಯದ ಸಂಶೋಧನೆ ಪ್ರಾರಂಭವಾಯಿತು. ಕಾನಿಟ್ಕರ್ ಅವರು ಅದನ್ನು ಮುಂದುವರಿಸಿದರು. 1929ರಲ್ಲಿ ಸ್ಥಾಪಿತವಾದ ಇಂಪೀರಿಯಲ್ ಕೃಷಿ ಸಂಶೋಧನ ಮಂಡಲಿಯ ನೆರವಿನಿಂದ 1933ರಿಂದ 1935ರೊಳಗೆ ಸೋಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹತಕ್ ಎಂಬ ಐದು ಕಡೆ ಕೇಂದ್ರಗಳು ಏರ್ಪಟ್ಟವು. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ ಎಂಬುದನ್ನು ನಾವು ಗಮನಿಸಬೇಕು.

ಈ ಪ್ರಯೋಗಗಳಿಂದ ಮೂಡಿದುದು 'ಮುಂಬಯಿ ಒಣಬೇಸಾಯ ಪದ್ಧತಿ'. ಹೊಲಕ್ಕೆ ಒಡ್ಡು ಹಾಕುವುದು, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳುವುದು, ಬಿತ್ತುವ ಮೊದಲು ಮೂರು ನಾಲ್ಕು ಸಲ ಕುಂಟೆ ಹೊಡೆಯುವುದು, ಬೀಜವನ್ನು ಕಡಮೆ ಮಾಡಿ ಸಾಲುಗಳನ್ನು 18 ಅಂಗುಲದಷ್ಟು ದೂರವಿಡುವುದು, ಬೆಳೆಯ ನಡುವೆ ಎಡೆ ಹೊಡೆಯುವುದು ಇದರ ಅಂಗಗಳು. ಇವುಗಳಲ್ಲಿ ಹಲವು ನಮ್ಮ ಒಕ್ಕಲಿಗನಿಗೆ ಹೊಸವಲ್ಲ. ಕುಂಟೆ, ಕೂರಿಗೆ, ಎಡೆಕುಂಟೆಗಳು ಅವನ ಹಿರಿಯರಿಂದ ಬಂದವು. ವಿಜ್ಞಾನಿಗಳು ತೇವವನ್ನು ಅಳೆದು, ಯಾವ ಕೆಲಸದಿಂದ ಎಷ್ಟು ಉಳಿಯುವುದೆಂದು ತೋರಿಸಿಕೊಟ್ಟರು. ಆದರೂ ಇಳುವರಿಯಲ್ಲಿ ದೊರೆತ ಹೆಚ್ಚಳ ನೂರಕ್ಕೆ 15ರಿಂದ 20ರಷ್ಟು ಮಾತ್ರ. ಮೊದಲೇ ಕಡಮೆಯಾದ ಬೆಳೆಯಲ್ಲಿ ಈ ಹೆಚ್ಚಳವು ಒಕ್ಕಲಿಗನ ಬಾಳನ್ನು ಬದಲಿಸುವಷ್ಟು ದೊಡ್ಡದಾಗಿರಲಿಲ್ಲ.

ಒಡ್ಡಿನ ವಿಷಯ ಇನ್ನೂ ತೊಡಕಿನದು. ನೀರು ಇಳಿಜಾರನ್ನು ನೋಡಿ ಹರಿಯುತ್ತದೆ. ಹೊಲದ ಬದುವನ್ನು ನೋಡಿ ಅಲ್ಲ. ಮೇಲಿನ ಹೊಲದವನು ಸುಮ್ಮನಿದ್ದರೆ ಕೆಳಗಿನವನ ಒಡ್ಡು ನಿಲ್ಲುವುದಿಲ್ಲ. ಹಲವರ ಹೊಲಗಳನ್ನು ಕೂಡಿಸಿ ಒಂದೇ ಯೋಜನೆಯಂತೆ ಕೆಲಸ ನಡೆಸಲು 1942ರ ಮುಂಬಯಿ ಭೂ ಸುಧಾರಣಾ ಯೋಜನೆಗಳ ಕಾನೂನು ಆಧಾರವಾಯಿತು. 1942-43ರ ಬರಗಾಲದಲ್ಲಿ ವಿಜಾಪುರ ಜಿಲ್ಲೆಯಲ್ಲಿ ಒಡ್ಡು ಹಾಕುವುದೇ ಬರಪರಿಹಾರದ ಕಾಮಗಾರಿಯಾಯಿತು. ಹಸಿದ ಜನರಿಗೆ ಕೂಲಿ ದೊರೆಯಿತು. ನೆಲಕ್ಕೆ ರಕ್ಷಣೆ ದೊರೆಯಿತೆಂದು ಎಲ್ಲರೂ ನಂಬಿದರು.

ಈ ನಂಬಿಕೆ ಎಲ್ಲ ಕಡೆಯಲ್ಲಿಯೂ ಫಲಿಸಲಿಲ್ಲ. ಆಳವಾದ ಎರೆಯ ನೆಲ ಬೇಸಗೆಯಲ್ಲಿ ಬಾಯಿಬಿಡುತ್ತದೆ. ಅದೇ ಮಣ್ಣಿನ ಒಡ್ಡೂ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿಗೆ ನುಗ್ಗಿ ಒಡ್ಡನ್ನು ಒಡೆಯುತ್ತದೆ. ಒಡೆಯದೆ ನಿಂತ ಕಡೆ, ನೆನೆದು ಉಬ್ಬಿದ ಎರೆಯು ನೀರನ್ನು ಬೇಗ ಇಂಗಿಸದೆ, ಒಡ್ಡಿನ ಬಳಿ ನೀರು ನಿಂತು ಬಿತ್ತನೆಗೆ ಅಡ್ಡಿಯಾಗುತ್ತದೆ. ಇಲ್ಲಿ ಒಡ್ಡು ಬೇಡವೆಂದ ಒಕ್ಕಲಿಗನನ್ನು ಮೂಢನೆಂದು ಕರೆಯುವುದು ಸುಲಭವಾಗಿತ್ತು. ಆದರೆ ಅವನ ಹೊಲವನ್ನು ಬಲ್ಲವನು ಅವನೇ ಆಗಿದ್ದನು.

ಮುಂದಿನ ಸಂಶೋಧಕರು ಈ ಪಾಠವನ್ನು ಕಲಿತರು. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಪ್ರಾರಂಭವಾದ ಮೇಲೆ, ಹೆಚ್ಚಿನ ನೀರನ್ನು ಮೆಲ್ಲಗೆ ಹೊರಗೆ ಬಿಡುವ ಇಳಿಜಾರಿನ ಒಡ್ಡುಗಳೂ, ಹೊಲದೊಳಗೇ ಮಾಡುವ ಚೌಕು ಮಡಿಗಳೂ ಪ್ರಚಾರಕ್ಕೆ ಬಂದವು. ಬಿತ್ತನೆಗೆ ಮೊದಲೇ ಹೊಲವನ್ನು ಸಣ್ಣ ಚೌಕಗಳಾಗಿ ಕಟ್ಟಿದರೆ, ಬಿದ್ದ ಮಳೆ ಬಿದ್ದಲ್ಲಿಯೇ ಇಂಗುತ್ತದೆ. ಬೀಜದ ವಿಷಯದಲ್ಲಿಯೂ ಹೀಗೆಯೇ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಒಕ್ಕಲಿಗರ ಮಾಲದಂಡಿ ಜೋಳದಿಂದಲೇ ಆರಿಸಿ ತೆಗೆದ ಎಂ 35-1 ತಳಿ ಇಂದಿಗೂ ಈ ಸೀಮೆಯ ಹೊಲಗಳಲ್ಲಿ ಉಳಿದಿದೆ.

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಮೆರಿಕದ ಆ ಭೂದಾನ ಕಾಲೇಜುಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾನಿಲಯದ ಸಹಕಾರದಿಂದ ರೂಪುಗೊಂಡಿತು. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಬೇರೆಯಾಯಿತು. ವಿಜಾಪುರದ ಕೇಂದ್ರವು ಇಂದು ಅದರ ಅಧೀನದಲ್ಲಿದೆ. 1964ರಲ್ಲಿಯೇ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದು, ಮುಂದೆ ಕಾಲುವೆಯ ನೀರು ಈ ಸೀಮೆಯ ಕೆಲವು ಹೊಲಗಳಿಗೆ ಬಂದಿದೆ. ನೀರು ತಲುಪದ ಹೊಲಗಳು ಇನ್ನೂ ಇವೆ. ಬೋಧನೆ, ಪ್ರಯೋಗ, ಪ್ರಸಾರ ಎಂಬ ಮೂರನ್ನು ಒಂದೆಡೆ ಕೂಡಿಸಿದುದು ಆ ಕಾಲೇಜುಗಳ ಹಿರಿಮೆ. ಅವುಗಳೊಡನೆ ಒಕ್ಕಲಿಗನ ಮಾತನ್ನು ಕೇಳುವುದೆಂಬ ನಾಲ್ಕನೆಯದೂ ಸೇರಬೇಕೆಂಬುದನ್ನು ವಿಜಾಪುರದ ಒಡೆದ ಒಡ್ಡುಗಳು ನಮಗೆ ಕಲಿಸಿವೆ. ನಮ್ಮ ತಟ್ಟೆಗೆ ಬಂದ ಬಿಳಿಜೋಳದ ರೊಟ್ಟಿಯ ಹಿಂದೆ ಈ ಚರಿತ್ರೆಯಿದೆಯೆಂಬುದನ್ನು ನಗರವಾಸಿಗಳಾದ ನಾವು ಮರೆಯಬಾರದು.